ಬೆಂಕಿಪುರದವರ ಕಾವಡಿ

ಜಿಟಿಜಿಟಿ ಮಳೆಯಲ್ಲಿ ಜಾತ್ರೆ ಇಟ್ಟುಕೊಳ್ಳುವ ಬುದ್ಧಿ ಮಲೆನಾಡಿನವರಿಗೆ ಬರುವಂಥದ್ದಲ್ಲ. ಆ ಹೊತ್ತಿಗೆ ನಮಗೆ ನಾಟಿಯ ಗಡಿಬಿಡಿ. ಆದರೂ ಆಡಿ ಕೃತ್ತಿಕೆ ಬಂತೆಂದರೆ ಶಿವಮೊಗ್ಗದ ಗುಡ್ಡೇಕಲ್ಲಿನ ಬಾಲಸುಬ್ರಹ್ಮಣ್ಯನಿಗೆ ಹರೋಹರ ಜಾತ್ರೆ ಆಗಲೇಬೇಕು. ತಮಿಳು ಪಂಚಾಂಗಕ್ಕೆ ನಮ್ಮ ಮುಂಗಾರಿನ ಮುಲಾಜಿಲ್ಲ. ಈ ಸಲ ನವುಲೆಯಿಂದ ಹೊರಟು, ಊರು ದಾಟಿ, ಜನರ ನಡುವೆ ನುಗ್ಗಿಯೇ ನೋಡಿದೆ.

ಹಳದಿ ಬಟ್ಟೆ, ಹೆಗಲ ಮೇಲೆ ನವಿಲುಗರಿ ಸಿಕ್ಕಿಸಿದ ಕಾವಡಿ, ಕೆಲವರ ಕೆನ್ನೆಯಲ್ಲಿ ತೂರಿಸಿದ ಪುಟ್ಟ ವೇಲು. ಭದ್ರಾವತಿಯಿಂದ ಬಂದಿದ್ದ ಅಜ್ಜಿಯೊಬ್ಬರು ಕಾವಡಿ ಹೊತ್ತ ಮೊಮ್ಮಗನನ್ನು ತಮಿಳಿನಲ್ಲಿ ಗದರಿಸುತ್ತಿದ್ದರು. ಅವನ ಉತ್ತರ ಅಚ್ಚ ಭದ್ರಾವತಿ ಕನ್ನಡದಲ್ಲಿ: ‘ಸುಮ್ನಿರಜ್ಜಿ, ಬೀಳಲ್ಲ.’ ಸಡಿಲಾದ ಗಂಟನ್ನು ಬಿಗಿದುಕೊಟ್ಟ ಗೆಳೆಯನಿಗೆ ತಮಿಳಿನ ಗಂಧವೂ ಇಲ್ಲವಂತೆ. ‘ಹರೋಹರ’ ಕೂಗಿನಲ್ಲಿ ಮಾತ್ರ ಇಡೀ ಗುಂಪಿನಲ್ಲಿ ಅವನದೇ ಮೇಲುಗೈ.

ಭದ್ರಾವತಿಯ ಕತೆ ನಿಮಗೆ ಗೊತ್ತಿದ್ದದ್ದೇ. ಬೆಂಕಿಪುರ ಎಂಬ ಸಣ್ಣ ಊರು, 1923ರ ಜನವರಿಯಲ್ಲಿ ಹೊತ್ತಿದ ಊದುಕುಲುಮೆ, ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಇದ್ದಿಲು, ಸರ್ ಎಂ.ವಿ. ಅವರ ಹಟ. ಕೆಲಸ ಹುಡುಕಿ ತಮಿಳರು, ತೆಲುಗರು, ಮಲೆಯಾಳಿಗಳು ಬಂದರು. ಕಾಗದದ ಕಾರ್ಖಾನೆ ಎದ್ದಮೇಲೆ ಮತ್ತಷ್ಟು ಜನ.

ಅದೇ ಕಾಲದ ಅಮೆರಿಕದ ಒಂದು ತಮಾಷೆ ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. ಡೆಟ್ರಾಯಿಟ್ ಬಳಿ ಹೆನ್ರಿ ಫೋರ್ಡ್ 1914ರಲ್ಲಿ ವಲಸೆ ಕಾರ್ಮಿಕರಿಗಾಗಿ ಇಂಗ್ಲಿಷ್ ಶಾಲೆ ತೆರೆದ. ಪದವಿ ಪ್ರದಾನದ ದಿನ ವೇದಿಕೆಯ ಮೇಲೊಂದು ದೈತ್ಯ ಕಡಾಯಿ. ಇಟಲಿ, ಪೋಲೆಂಡುಗಳ ಕಾರ್ಮಿಕರು ತಮ್ಮೂರಿನ ಉಡುಪಿನಲ್ಲಿ ಅದರೊಳಗೆ ಇಳಿಯಬೇಕು. ಮೇಷ್ಟರುಗಳು ಉದ್ದನೆಯ ಸೌಟು ಹಿಡಿದು ಕಲಕಬೇಕು. ಆಮೇಲೆ ಅವರು ಸೂಟು ತೊಟ್ಟು, ಅಮೆರಿಕದ ಬಾವುಟ ಬೀಸುತ್ತ ಹೊರಬರಬೇಕು! ಕಡಾಯಿಯ ಹಿಂದೆ ಗಡಿಬಿಡಿಯಲ್ಲಿ ಬಟ್ಟೆ ಬದಲಿಸುತ್ತಿದ್ದವರನ್ನು ನೆನೆದರೆ ನಗು ತಡೆಯಲಾಗದು. ದೇಶಭಕ್ತಿಗೆ ಇಷ್ಟು ಕಳಪೆ ನಾಟಕ ಬೇಕಿತ್ತೆ?

ಭದ್ರಾವತಿಯಲ್ಲಿ ನಿಜವಾದ ಕುಲುಮೆಯೇ ಇತ್ತು. ಅದರಲ್ಲಿ ಕರಗಿದ್ದು ಕಬ್ಬಿಣ. ಕಾವಡಿ ಕಾವಡಿಯಾಗಿಯೇ ಉಳಿಯಿತು. ಕನ್ನಡವೋ, ನೈಟ್ ಶಿಫ್ಟಿನ ಹರಟೆಯಲ್ಲಿ, ನಲ್ಲಿ ನೀರಿನ ಜಗಳದಲ್ಲಿ ತಾನಾಗಿ ಬಂತು. ‘ವಿವಿಧತೆಯಲ್ಲಿ ಏಕತೆ’ ಎಂದು ಗೋಡೆಗೆ ಬಣ್ಣ ಬಳಿಯುವವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಇಲ್ಲಿ ಜನರನ್ನು ಹತ್ತಿರ ತಂದದ್ದು ಒಂದೇ ಸೈರನ್, ಒಂದೇ ಸಂಬಳದ ದಿನ. 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ಕಾರ್ಖಾನೆ ಮುಚ್ಚಲು ಹೊರಟಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆತಂಕ ಎಲ್ಲ ಮನೆಮಾತಿನವರಿಗೂ ಒಂದೇ ಆಗಿತ್ತು. ಆಗಸ್ಟ್‌ನಲ್ಲಿ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು.

ಹಾಗೆಂದು ಬಂದವರಿಗೆಲ್ಲ ಈ ಜಿಲ್ಲೆ ಒಂದೇ ಅಳತೆಯಲ್ಲಿ ಜಾಗ ಕೊಟ್ಟಿದೆ ಎನ್ನಲಾರೆ. ಕಾರ್ಖಾನೆ ಸೇರಿದ ಪರಊರಿನವರಿಗೆ ಕ್ವಾರ್ಟರ್ಸ್ ಸಿಕ್ಕಿತು. ಲಿಂಗನಮಕ್ಕಿ ಅಣೆಕಟ್ಟಿಗಾಗಿ 1960ರ ದಶಕದಲ್ಲಿ ಮನೆ ಬಿಟ್ಟವರು ಇದೇ ಜಿಲ್ಲೆಯ ಕನ್ನಡಿಗರು. ಲಾರಿಗಳಲ್ಲಿ ತಂದು ಕಾಡಂಚಿಗೆ ಇಳಿಸಿದ ಆ ಶರಾವತಿ ಮುಳುಗಡೆಯವರ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಈಗಲೂ ಕಚೇರಿ ಅಲೆಯುತ್ತಿದ್ದಾರೆ.