ಬಸವನಗುಡಿಯ ಮನೆಗೊಂದು ಆರೋಗ್ಯ ತಪಾಸಣೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಗೆ ಬೆಲೆ ಕಟ್ಟಿ ನೋಡು ಎಂಬುದನ್ನೂ ಅವರು ಸೇರಿಸಬೇಕಿತ್ತು. ಕಳೆದ ಜನವರಿಯಲ್ಲಿ ಆ ಕೆಲಸಕ್ಕೆಂದೇ ಮಿಷಿಗನ್‌ನ ಹಿಮ ಬಿಟ್ಟು ಮೂರು ವಾರ ಬೆಂಗಳೂರಿಗೆ ಹೋಗಿದ್ದೆ.

ಬಸವನಗುಡಿಯ ಆ ಮನೆ ತಾತ 1936ರಲ್ಲಿ ಕಟ್ಟಿಸಿದ್ದು. ಹಜಾರ, ಆರು ಕೋಣೆ, ಹಿತ್ತಿಲಲ್ಲಿ ಬಾವಿ, ಎರಡು ತೆಂಗಿನಮರ. ಅಮ್ಮ ಹೋದ ಮೇಲೆ ಇಷ್ಟಕ್ಕೂ ಅಕ್ಕ ಒಬ್ಬಳೇ. ನಾನೂ ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮನೂ ಫೋನಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆವು: ಏನೇ ಆಗಲಿ, ಮಾರುವುದು ಬೇಡ.

ಬೆಲೆ ಕಟ್ಟಲು ಬಂದ ಎಂಜಿನಿಯರ್ ಟೇಪು ಹಿಡಿದು ನಿವೇಶನ ಅಳೆದರು. ಮನೆಯೊಳಗೆ ಹತ್ತು ನಿಮಿಷವೂ ಇರಲಿಲ್ಲ. “ಸಾರ್, ಇಲ್ಲಿ ಬೆಲೆಯೆಲ್ಲ ಸೈಟಿಗೆ. ಕಟ್ಟಡ ಲೆಕ್ಕಕ್ಕಿಲ್ಲ. ಕೆಡವಿದರೆ ತೇಗದ ಮರಕ್ಕೆ ಒಂದಿಷ್ಟು ಸಿಗುತ್ತೆ” ಎಂದರು. ನನಗೆ ರೇಗಿತು. ರೋಗಿಯ ನಾಡಿಯನ್ನೂ ಹಿಡಿಯದೆ ಮರಣಪತ್ರ ಬರೆದಂತಾಯಿತಲ್ಲ! ನಾನೇ ಪರೀಕ್ಷೆ ಮಾಡುತ್ತೇನೆಂದು ಹೊರಟೆ. ಎಂಬಿಬಿಎಸ್‌ನಲ್ಲಿ ಮೇಷ್ಟರು ಕಲಿಸಿದ್ದು ನಾಲ್ಕೇ ಸೂತ್ರ: ನೋಡು, ಮುಟ್ಟು, ತಟ್ಟು, ಕೇಳು.

ನೋಡಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಬರಲೆಂದು ಬೆಳೆದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ನೇರ ರಸ್ತೆ, ಮನೆಗಳ ಹಿಂದೆ ಓಣಿ, ಸುತ್ತ ಖಾಲಿ ಜಾಗ. ಸ್ಟ್ರೆಪ್ಟೊಮೈಸಿನ್ ಇಲ್ಲದ ಆ ಕಾಲದಲ್ಲಿ ಗಾಳಿ ಬೆಳಕೇ ಔಷಧ. ನಮ್ಮ ಮನೆಯ ಎತ್ತರದ ಸೂರು, ಎದುರುಬದುರು ಕಿಟಕಿಗಳ ಅರ್ಥ ನನಗೆ ಹೊಳೆದದ್ದು ಈಗ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕುಗಳಿದ್ದವು. ಅವು ಮುಖದ ಸುಕ್ಕು ಇದ್ದಂತೆ. ಆದರೆ ಅಡುಗೆಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕಿಗೆ ಬೆರಳೇ ತೂರುತ್ತಿತ್ತು. ತಳಪಾಯ ಕುಸಿದಿರಬಹುದೆಂಬ ಅನುಮಾನ ಹುಟ್ಟಿತು.

ಮುಟ್ಟಿದೆ. ಬಚ್ಚಲುಮನೆಯ ಗೋಡೆ ಮೊಣಕಾಲೆತ್ತರದವರೆಗೆ ತೇವ. ಸುಣ್ಣದ ಗಾರೆಯ ಗೋಡೆ ತೇವವನ್ನು ತಾನೇ ಹೊರಬಿಡುತ್ತದೆ. ನಾವು ಅದರ ಮೇಲೆ ಸಿಮೆಂಟ್ ಬಳಿಸಿ ಬಾಯಿ ಮುಚ್ಚಿಸಿದ್ದೆವು.

ತಟ್ಟಿದೆ. ಎದೆಯನ್ನು ತಟ್ಟಿ ನೋಡುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ ವಿಯೆನ್ನಾದ ವೈದ್ಯ ಆವೆನ್‌ಬ್ರುಗ್ಗರ್ ಒಬ್ಬ ಛತ್ರದವನ ಮಗ. ಪೀಪಾಯಿ ತಟ್ಟಿ ಒಳಗೆಷ್ಟು ಮದ್ಯವಿದೆಯೆಂದು ತಿಳಿಯುವುದನ್ನು ಕಂಡು ಕಲಿತನೆಂದು ಹೇಳುತ್ತಾರೆ. ನಾನು ಏಣಿ ಹತ್ತಿ ಮದ್ರಾಸ್ ತಾರಸಿಯ ತೊಲೆಗಳನ್ನು ತಟ್ಟಿದೆ. ಹಜಾರದ್ದೆಲ್ಲ ಗಟ್ಟಿ. ಬಚ್ಚಲ ಕಡೆಯ ಎರಡು ಮಾತ್ರ ಟೊಳ್ಳು, ಗೆದ್ದಲು.

ಮಾರನೇ ದಿನ ಹಳೆಯ ಕಟ್ಟಡಗಳ ಅನುಭವವಿದ್ದ ಎಂಜಿನಿಯರ್ ಒಬ್ಬರು ಬಂದು ನನ್ನ ರೋಗನಿರ್ಣಯವನ್ನು ಒಪ್ಪಿದರು. ಎರಡು ತೊಲೆ ಬದಲಿಸಿ, ಸಿಮೆಂಟ್ ಕಿತ್ತು, ಅಡುಗೆಮನೆಯ ತಳಪಾಯ ಭದ್ರಪಡಿಸಿದರೆ ಇನ್ನೂ ಐವತ್ತು ವರ್ಷ ಬಾಳುತ್ತದೆ ಎಂದರು.

ಅಂದು ರಾತ್ರಿ ಗೆದ್ದವನಂತೆ ಅಕ್ಕನಿಗೆ ವರದಿ ಒಪ್ಪಿಸಿದೆ. ಅವಳು ತಟ್ಟೆಗೆ ಹುಳಿ ಬಡಿಸುತ್ತಾ ಹೇಳಿದಳು: “ಮನೆ ಗಟ್ಟಿಯಾಗಿದೆ ಕಣೋ, ನನ್ನ ಮಂಡಿ ಗಟ್ಟಿಯಾಗಿಲ್ಲ. ಆರು ಕೋಣೆ ಗುಡಿಸಬೇಕು. ರಾತ್ರಿ ಹಿತ್ತಿಲಲ್ಲಿ ಸದ್ದಾದರೆ ದೀಪ ಹಾಕಿಕೊಂಡು ಕೂತಿರ್ತೀನಿ. ನೀವಿಬ್ಬರೂ ಎರಡು ವರ್ಷಕ್ಕೊಮ್ಮೆ ಬಂದು ಫೋಟೊ ತೆಗೆದುಕೊಂಡು ಹೋಗ್ತೀರಿ.”

ನನ್ನ ಕೈಯ ತುತ್ತು ಹಾಗೇ ನಿಂತಿತು. ನಾಲ್ಕನೆಯ ಸೂತ್ರವನ್ನೇ ಮರೆತಿದ್ದೆ. ಮೂರು ದಿನ ಗೋಡೆ, ತೊಲೆಗಳನ್ನು ವಿಚಾರಿಸಿಕೊಂಡವನು, ಅಪ್ಪ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡವಳನ್ನು ಏನೂ ಕೇಳಿರಲಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ; ದೂರದ ಮನೆಯೂ ಹಾಗೆಯೇ.

ಈಗ ಮೂವರೂ ಒಪ್ಪಿದ್ದೇವೆ. ಮೊದಲು ಅದೇ ಬಡಾವಣೆಯಲ್ಲಿ, ಲಿಫ್ಟ್ ಇರುವ ಕಡೆ ಅಕ್ಕನಿಗೆ ಅವಳ ಹೆಸರಿನಲ್ಲೇ ಒಂದು ಫ್ಲ್ಯಾಟು. ಹಳೆಯ ಮನೆಯನ್ನು ರಿಪೇರಿ ಮಾಡಿಸಿ ಬಾಡಿಗೆಗೆ ಕೊಡುವುದೋ ಮಾರುವುದೋ ಎಂಬುದು ಆಮೇಲೆ. ಅದರಲ್ಲೂ ಅಕ್ಕನ ಮಾತೇ ಕೊನೆಯದು.

ಇಂಥದೇ ಮನೆ ನಿಮಗೂ ಇದ್ದರೆ ಕಾಗದಪತ್ರಗಳನ್ನು ಈಗಲೇ ನೋಡಿಕೊಳ್ಳಿ. ನಮ್ಮ ಖಾತಾ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. 2024ರ ಜುಲೈ 23ರಿಂದ ಅನಿವಾಸಿಗಳು ಇಂಥ ಆಸ್ತಿ ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ, ಹಣದುಬ್ಬರದ ರಿಯಾಯಿತಿ ಇಲ್ಲ. ಹಳೆಯ ಮನೆಗಳಿಗೆ 2001ರ ಏಪ್ರಿಲ್ 1ರ ಮೌಲ್ಯವನ್ನು ಅಸಲೆಂದು ತೋರಿಸಲು ಅವಕಾಶವಿರುವುದರಿಂದ, ಆ ಟೇಪಿನ ಎಂಜಿನಿಯರ್ ವರದಿಯೂ ಬೇಕಾಗುತ್ತದೆ.

ಆದರೆ ಇದೆಲ್ಲಕ್ಕೂ ಮೊದಲು, ಆ ಮನೆಯಲ್ಲಿ ಈಗ ಯಾರಿದ್ದಾರೋ ಅವರಿಗೆ ಈ ಹಬ್ಬದ ದಿನ ಒಂದು ಫೋನು ಮಾಡಿ. ಮನೆ ಹೇಗಿದೆ ಎಂದಲ್ಲ, ನೀವು ಹೇಗಿದ್ದೀರಿ ಎಂದು ಕೇಳಿ.