ಎಲ್ಲವೂ ಒಳಗೇ ಇದ್ದರೂ ಪ್ರೋಗ್ರಾಂ ಕೈಕೊಡುವುದೇಕೆ? 'ಸ್ಟ್ಯಾಟಿಕ್' ಲಿಂಕಿಂಗ್‌ನ ಅಸಲಿಯತ್ತು ಇಲ್ಲಿದೆ

ಒಂದು ಲಿನಕ್ಸ್ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡುತ್ತಿದ್ದ ಪ್ರೋಗ್ರಾಂ, ಇನ್ನೊಂದು ಸರ್ವರ್‌ಗೆ ಹಾಕಿದ ಕೂಡಲೇ ವೆಬ್‌ಸೈಟ್ ವಿಳಾಸ ಸಿಗದೆ ಕ್ರ್ಯಾಶ್ ಆಗಬಹುದು. ಬೇಕಾದ ಲೈಬ್ರರಿಗಳನ್ನೆಲ್ಲ ಒಳಗೇ ಸೇರಿಸಿ 'ಸ್ಟ್ಯಾಟಿಕ್' ಆಗಿ ಸಿದ್ಧಪಡಿಸಿದ್ದರೂ ಇದು ತಪ್ಪಿದ್ದಲ್ಲ. ಕಾರಣವೇನು?

ಏನಿದು ಸ್ಟ್ಯಾಟಿಕ್?

ಫೈಲ್ ತೆರೆಯುವುದು, ಮೆಮೊರಿ ಪಡೆಯುವುದು ಮೊದಲಾದ ಮೂಲ ಕೆಲಸಗಳಿಗೆ ಬಹುತೇಕ ಲಿನಕ್ಸ್ ಪ್ರೋಗ್ರಾಂಗಳು 'ಜಿಲಿಬ್‌ಸಿ' ಎಂಬ ಲೈಬ್ರರಿಯನ್ನು ಅವಲಂಬಿಸಿವೆ. ಡೈನಮಿಕ್ ವಿಧಾನದಲ್ಲಿ ಪ್ರೋಗ್ರಾಂ ಓಡುವಾಗ ಸಿಸ್ಟಮ್‌ನಲ್ಲಿರುವ ಲೈಬ್ರರಿಯನ್ನೇ ಬಳಸುತ್ತದೆ. ಹೊಸ ಆವೃತ್ತಿಯ ಜಿಲಿಬ್‌ಸಿ ಜತೆ ಸಿದ್ಧವಾದದ್ದು ಹಳೆಯ ಸಿಸ್ಟಮ್‌ನಲ್ಲಿ ಶುರುವೇ ಆಗದಿರುವುದು ಇದರಿಂದಲೇ. ಸ್ಟ್ಯಾಟಿಕ್ ವಿಧಾನದಲ್ಲಿ ಆ ಕೋಡ್ ಪ್ರೋಗ್ರಾಂ ಒಳಗೇ ಇರುತ್ತದೆ. ಬುತ್ತಿ ಕಟ್ಟಿಕೊಂಡು ಪ್ರಯಾಣ ಹೊರಟಂತೆ.

ಸಮಸ್ಯೆ ಎಲ್ಲಿ?

ವೆಬ್‌ಸೈಟ್ ಹೆಸರನ್ನು ಐಪಿ ವಿಳಾಸವಾಗಿ ಬದಲಿಸಲು ಅಥವಾ ಬಳಕೆದಾರರ ಹೆಸರು ಹುಡುಕಲು ಜಿಲಿಬ್‌ಸಿ, ಸಿಸ್ಟಮ್‌ನ ಸೆಟ್ಟಿಂಗ್ ನೋಡಿ ಹೊರಗಿನ ಮಾಡ್ಯೂಲ್‌ಗಳನ್ನು ಕರೆಯುತ್ತದೆ. ಸ್ಟ್ಯಾಟಿಕ್ ಪ್ರೋಗ್ರಾಂ ಕೂಡ ಇದಕ್ಕೆ ಹೊರತಲ್ಲ. ಒಳಗಿನ ಕೋಡ್ ಒಂದು ಆವೃತ್ತಿ, ಹೊರಗಿನ ಮಾಡ್ಯೂಲ್ ಇನ್ನೊಂದು ಆವೃತ್ತಿಯಾದರೆ ಎಡವಟ್ಟು ಶುರು. 2021ರಲ್ಲಿ ಬಂದ 2.34 ಆವೃತ್ತಿಯಲ್ಲಿ ಕೆಲವು ಮಾಡ್ಯೂಲ್‌ಗಳನ್ನು ಲೈಬ್ರರಿಯೊಳಗೇ ಸೇರಿಸಲಾಯಿತು. ಆದರೆ ಕಚೇರಿಗಳಲ್ಲಿ ಬಳಸುವ ಎಲ್‌ಡಿಎಪಿಯಂಥವು ಈಗಲೂ ಹೊರಗೇ ಇವೆ.

ಭದ್ರತೆಯ ಪ್ರಶ್ನೆ

ಒಳಗೇ ಸೇರಿದ ಕೋಡ್‌ನಿಂದ ಇನ್ನೊಂದು ಅಪಾಯವೂ ಇದೆ. ಹೆಸರು ಹುಡುಕುವ ಇದೇ ಕೋಡ್‌ನಲ್ಲಿ 2008ರಿಂದಲೂ ಇದ್ದ ಗಂಭೀರ ದೋಷವೊಂದನ್ನು 2016ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ರೆಡ್ ಹ್ಯಾಟ್ ಎಂಜಿನಿಯರ್‌ಗಳು ಬಹಿರಂಗಪಡಿಸಿದರು. ಡೈನಮಿಕ್ ಪ್ರೋಗ್ರಾಂಗಳಿಗೆ ಜಿಲಿಬ್‌ಸಿ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿದರೆ ಸಾಕಿತ್ತು. ಸ್ಟ್ಯಾಟಿಕ್ ಪ್ರೋಗ್ರಾಂಗಳಿಗೆ ಆ ಅಪ್‌ಡೇಟ್ ತಲುಪುವುದಿಲ್ಲ. ಒಂದೊಂದನ್ನೂ ಮತ್ತೆ ಕಂಪೈಲ್ ಮಾಡಲೇಬೇಕು. ಯಾವ ಸರ್ವರ್‌ನಲ್ಲಿ ಯಾವುದಿದೆ ಎಂಬ ಲೆಕ್ಕವೇ ಇಲ್ಲದಿದ್ದರೆ ದೋಷ ಹಾಗೆಯೇ ಉಳಿಯುತ್ತದೆ.

ಪರಿಹಾರವೇನು?

* ಆಲ್ಪೈನ್ ಲಿನಕ್ಸ್ ಬಳಸುವ 'ಮಸಲ್' ಲೈಬ್ರರಿ ಸ್ಟ್ಯಾಟಿಕ್‌ಗೆ ಹೆಚ್ಚು ಸೂಕ್ತ. ವಿಳಾಸವನ್ನು ಅದು ತಾನೇ ಹುಡುಕುತ್ತದೆ. ಆದರೆ ಜಿಲಿಬ್‌ಸಿಯ ಮಾಡ್ಯೂಲ್‌ಗಳನ್ನು ಬಳಸದ ಕಾರಣ ಎಲ್ಲ ಕಚೇರಿ ನೆಟ್‌ವರ್ಕ್‌ಗಳಿಗೂ ಹೊಂದದು.
* ಡೈನಮಿಕ್ ಆಗಿಯೇ ಇರಲಿ ಎಂದಾದರೆ, ಪ್ರೋಗ್ರಾಂ ಓಡಬೇಕಾದ ಸಿಸ್ಟಮ್‌ಗಳಲ್ಲಿ ಅತ್ಯಂತ ಹಳೆಯದರಲ್ಲಿ ಕಂಪೈಲ್ ಮಾಡಿ. ಜಿಲಿಬ್‌ಸಿಯ ಹೊಸ ಆವೃತ್ತಿಗಳು ಹಳೆಯ ಪ್ರೋಗ್ರಾಂಗಳನ್ನು ಸಾಮಾನ್ಯವಾಗಿ ಓಡಿಸುತ್ತವೆ.
* ಓಡುವಾಗ ಅದೇ ಆವೃತ್ತಿಯ ಜಿಲಿಬ್‌ಸಿ ಬೇಕು ಎಂದು ಲಿಂಕರ್ ಮೊದಲೇ ಎಚ್ಚರಿಸುತ್ತದೆ. ಫೈಲ್ ಸಿದ್ಧವಾಯಿತಲ್ಲ ಎಂದು ಆ ಸಾಲನ್ನು ಕಡೆಗಣಿಸಬೇಡಿ.