‘ಸೇನೆಗೇ ಏಕೆ?’ ಎಂದು ಪುಣೆಯಲ್ಲಿ ಕೇಳಿದರೆ

ನಮ್ಮಲ್ಲಿ ಎಂಬಿಬಿಎಸ್ ಸೀಟು ಪಡೆಯಲು ಯಾರ ಎದುರೂ ಬಾಯಿ ಬಿಡಬೇಕಿಲ್ಲ. ನೀಟ್ ರ‍್ಯಾಂಕ್ ಚೆನ್ನಾಗಿದ್ದರೆ ಆಪ್ಷನ್ ಎಂಟ್ರಿ ಮಾಡಿ, ದಾಖಲೆ ತೋರಿಸಿ, ಶುಲ್ಕ ಕಟ್ಟಿದರೆ ಮುಗಿಯಿತು. ‘ಡಾಕ್ಟರ್ ಏಕಾಗಬೇಕು?’ ಎಂದು ಕೇಳುವವರು ನೆಂಟರು ಮಾತ್ರ; ಅವರೂ ಉತ್ತರಕ್ಕೆ ಕಾಯುವುದಿಲ್ಲ. ಪುಣೆಯ ಎಎಫ್‌ಎಂಸಿ, ಅಂದರೆ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಇದಕ್ಕೆ ಹೊರತು. ಅಲ್ಲಿ ಕೇಳುತ್ತಾರೆ, ಉತ್ತರಕ್ಕೂ ಕಾಯುತ್ತಾರೆ.

ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ನಡೆಸುವ ಕೌನ್ಸೆಲಿಂಗ್‌ನಲ್ಲಿ ಈ ಕಾಲೇಜನ್ನು ಆರಿಸಿಕೊಂಡವರಲ್ಲಿ ನೀಟ್ ಅಂಕ ಹೆಚ್ಚಿರುವವರನ್ನು ಪುಣೆಗೆ ಕರೆಸುತ್ತಾರೆ. ಅರ್ಧ ಗಂಟೆಯಲ್ಲಿ 40 ಪ್ರಶ್ನೆಗಳ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನಃಶಾಸ್ತ್ರೀಯ ಪರೀಕ್ಷೆ, 50 ಅಂಕಗಳ ಸಂದರ್ಶನ, ವೈದ್ಯಕೀಯ ತಪಾಸಣೆ. ಎರಡು ವರ್ಷ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಿಯೇ ಬೆಳೆದ ಮಕ್ಕಳು ತಡವರಿಸುವುದು ಸಂದರ್ಶನದಲ್ಲಿ. ಆಗ ಸಿದ್ಧ ಉತ್ತರವೊಂದು ನೆರವಿಗೆ ಬರುತ್ತದೆ: ಬಾಲ್ಯದಿಂದಲೂ ದೇಶಸೇವೆಯ ಕನಸು, ಸಮವಸ್ತ್ರದ ಸೆಳೆತ. ಬೆಳಗಿನಿಂದ ಸಂಜೆಯವರೆಗೆ ಇದನ್ನೇ ಕೇಳುವ ಅಧಿಕಾರಿಗಳ ಪಾಡು ಯಾರಿಗೂ ಬೇಡ.

ನನ್ನನ್ನು ಕೇಳಿದರೆ, ದೇಶಪ್ರೇಮದ ಮಾತು ಕಡಿಮೆ ಮಾಡಿ ಕೆಲಸದ ಮಾತು ಆಡುವುದು ಲೇಸು. ಸೇನಾ ವೈದ್ಯರ ಕೆಲಸ ಎಂಥದ್ದೆಂಬುದಕ್ಕೆ ಉದಾಹರಣೆ ಆ ಕಾಲೇಜಿನ ಇತಿಹಾಸದ ಹತ್ತಿರದಲ್ಲೇ ಸಿಗುತ್ತದೆ. 1948ರಲ್ಲಿ ಆರಂಭವಾದ ಎಎಫ್‌ಎಂಸಿಯಲ್ಲಿ ಎಂಬಿಬಿಎಸ್ ತರಗತಿ ಶುರುವಾದದ್ದು 1962ರ ಆಗಸ್ಟ್‌ನಲ್ಲಿ. ಅಕ್ಟೋಬರ್‌ನಲ್ಲಿ ಚೀನಾ ಯುದ್ಧ. ಬಯಲುಸೀಮೆಯ ಸೈನಿಕರನ್ನು ಆ ವರ್ಷಗಳಲ್ಲಿ ಅವಸರದಿಂದ ಹಿಮಾಲಯಕ್ಕೆ ಹತ್ತಿಸಿದಾಗ ಗುಂಡೇಟಿಲ್ಲದೆಯೇ ಗಟ್ಟಿಮುಟ್ಟಾದ ಹುಡುಗರು ಕುಸಿದರು. ತಲೆನೋವು, ಕೆಮ್ಮು, ಏದುಸಿರು, ಶ್ವಾಸಕೋಶದ ತುಂಬ ನೀರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಹೀಗೆ ಕಾಯಿಲೆ ಬಿದ್ದ 1,925 ಸೈನಿಕರನ್ನು ಪರಿಶೀಲಿಸಿ 1969ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಎತ್ತರದ ಕಾಯಿಲೆಗಳ ಬಗ್ಗೆ ಬರೆಯುವವರು ಈಗಲೂ ಉಲ್ಲೇಖಿಸುತ್ತಾರೆ. ಇಂದು ಸೇನೆ 9,000 ಅಡಿ ದಾಟಿದವರನ್ನು 6 ದಿನ, 12,000 ಅಡಿ ದಾಟಿದ ಮೇಲೆ 4 ದಿನ, 15,000 ದಾಟಿದರೆ ಮತ್ತೆ 4 ದಿನ ತಡೆದು ನಿಲ್ಲಿಸಿ ದೇಹವನ್ನು ಹೊಂದಿಸುತ್ತದೆ.

ಈ ನಿಯಮ ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆಯಲ್ಲಿ ದೊಡ್ಡ ಪಾಲು ಬೆಟಾಲಿಯನ್ ಜತೆಗಿರುವ ಡಾಕ್ಟರದ್ದು. ಆತ ಅಥವಾ ಆಕೆ ಬಹಳ ಸಲ ಇಪ್ಪತ್ತೈದರ ಆಸುಪಾಸಿನ ಕ್ಯಾಪ್ಟನ್. ಕೇಳಲು ಪ್ರೊಫೆಸರ್ ಪಕ್ಕದಲ್ಲಿಲ್ಲ, ಮೋಡ ಮುಸುಕಿದರೆ ಹೆಲಿಕಾಪ್ಟರ್ ಬರುವುದಿಲ್ಲ. ಮೇಲಿನ ಪೋಸ್ಟಿಗೆ ಜನ ಬೇಕೇಬೇಕೆಂದು ಕಮಾಂಡಿಂಗ್ ಆಫೀಸರ್ ಹೇಳುತ್ತಿರುವಾಗ ‘ಇವನಿಗೆ ಆಗುವುದಿಲ್ಲ ಸರ್, ಕೆಳಗಿಳಿಸಬೇಕು’ ಎನ್ನಬೇಕು. ಆಜ್ಞೆ ಪಾಲಿಸುವ ಅಧಿಕಾರಿಯೂ ರೋಗಿಯ ಪರ ನಿಲ್ಲುವ ವೈದ್ಯನೂ ಒಬ್ಬನೇ ಆಗಿರುವ ಈ ಇಕ್ಕಟ್ಟನ್ನು ಯೋಚಿಸಿ ಬಂದ ಹದಿನೆಂಟರ ಹುಡುಗನಿಗೆ ಹೇಳಲು ತನ್ನದೇ ಮಾತಿರುತ್ತದೆ. ಉತ್ತರ ಪಕ್ವವಾಗಿರದಿದ್ದರೂ ಚಿಂತೆಯಿಲ್ಲ.

ದುಡ್ಡಿನ ವಿಷಯ ಮುಚ್ಚಿಡುವುದೂ ಬೇಡ. ಖಾಸಗಿ ಕಾಲೇಜಿನ ಶುಲ್ಕ ಅಪ್ಪನಿಂದ ಆಗದು, ಅದಕ್ಕೇ ಇಲ್ಲಿಗೆ ಬಂದೆ ಎಂಬುದು ನಾಚಿಕೆಯ ಕಾರಣವಲ್ಲ. ಅದೊಂದೇ ಕಾರಣವಾದರೆ ಮಾತ್ರ ತೊಡಕು. ಶಾರ್ಟ್ ಸರ್ವೀಸ್ ಎಂದರೂ 7 ವರ್ಷ ಸೇನೆಯಲ್ಲಿ ದುಡಿಯಬೇಕು, ಪರ್ಮನೆಂಟ್ ಕಮಿಷನ್ ಎಂದರೆ ವೃತ್ತಿಜೀವನವೇ ಅಲ್ಲಿ; ನಡುವೆ ಬಿಟ್ಟು ಹೊರಟರೆ ಬಾಂಡ್ ಪ್ರಕಾರ ಲಕ್ಷಗಟ್ಟಲೆ ಕಟ್ಟಬೇಕು. ಇಂಟರ್ನ್‌ಶಿಪ್ ಮುಗಿದ ಕೂಡಲೇ ಪಿಜಿ ಎಂದು ಲೆಕ್ಕ ಹಾಕಿದವರು ಮೊದಲೇ ಬೇರೆ ದಾರಿ ನೋಡಿಕೊಳ್ಳುವುದು ಒಳ್ಳೆಯದು. ‘ಸರ್ಜನ್ ಆಗುವ ಆಸೆಯಿದೆ, ಅದಕ್ಕೆ ಮುನ್ನ ಯೂನಿಟ್‌ಗಳಲ್ಲಿ ದುಡಿಯಬೇಕೆಂದೂ ಗೊತ್ತು’ ಎಂದು ನೇರ ಹೇಳಿದರೆ ಮರ್ಯಾದೆ ಹೆಚ್ಚೇ ಆಗುತ್ತದೆ.

ಹುಡುಗಿಯರ ಲೆಕ್ಕ ಬೇರೆ. ನಮ್ಮ ದೇಶದ ಅಭ್ಯರ್ಥಿಗಳಿಗಿರುವ 145 ಸೀಟುಗಳಲ್ಲಿ ಅವರಿಗೆ 30 ಮಾತ್ರ, ಉಳಿದ 115 ಹುಡುಗರಿಗೆ. ಧಾರವಾಡದಲ್ಲಿ ಹುಟ್ಟಿದ ಮಾಧುರಿ ಕಾನಿಟ್ಕರ್ ಇಲ್ಲಿ ಓದಿ ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿದರು. 2024ರ ಅಕ್ಟೋಬರ್‌ನಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕಿಯಾದ ಆರತಿ ಸರೀನ್ ಕೂಡ ಇಲ್ಲಿಯ ವಿದ್ಯಾರ್ಥಿನಿಯೇ. ಹಾಗಿದ್ದೂ 30ಕ್ಕೇ ನಿಂತಿರುವುದಕ್ಕೆ ಒಪ್ಪುವಂಥ ಕಾರಣ ನನಗಂತೂ ಕಾಣದು. ‘ನಿನ್ನದೇನಾದರೂ ಪ್ರಶ್ನೆ ಇದೆಯೇ ಮಗಳೇ?’ ಎಂದು ಸಂದರ್ಶಕರು ಕೇಳಿದರೆ, ಧಾರಾಳವಾಗಿ ಇದನ್ನೇ ಕೇಳಬಹುದು.